ಇಮಾಮಸಾಬರು ಸೀನಿದ ದಿನಗಳು

ಹೋದ ವಾರ ಹಾವೇರಿಯ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಬಿ.ಎಸ್‌ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಬ್ಯಾಡಗಿ ಬಸ್ಸು ತಡವಾಗಿತ್ತಂತೆ. ಅವಳು ಬ್ಯಾಗಿನಿಂದ ಬಿಳಿ ಕೋಟು ತೆಗೆದು ಕೊಡವಿದ್ದೇ ತಡ, ನನಗೆ ಸೀನು ಹತ್ತಿತು. ಒಂದಲ್ಲ, ಮೂರು. “ಸಾರಿ ಮೇಡಂ, ನಮ್ಮ ಮನಿಯಾಗ ಕಾಯಿ ಹರವ್ಯಾರ್ರಿ” ಎಂದು ಅವಳು ಮುಖ ಸಣ್ಣದು ಮಾಡಿದಳು. ಕಾಯಿ ಅಂದರೆ ನಮ್ಮೂರಲ್ಲಿ ಮೆಣಸಿನಕಾಯಿ. ಉಳಿದ ಕಾಯಿಗಳಿಗಷ್ಟೇ ಹೆಸರು ಹಿಡಿದು ಕರೆಯಬೇಕು. ನನಗೆ ಸಿಟ್ಟು ಬಂದದ್ದು ಅವಳ ಕೋಟಿನ ಮೇಲಲ್ಲ, ನನ್ನ ಮೂಗಿನ ಮೇಲೆ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳು ಮೆಣಸಿನಕಾಯಿ ಧೂಳಿಗೆ ಸೀನಿದಳೆಂದರೆ ಅವಳು ಊರಿನ ಲೆಕ್ಕದಿಂದ ಹೊರಗೆ ಹೋದಳೆಂದೇ ಅರ್ಥ. ಬಸ್ಸಿನಲ್ಲಿ ಒಂದು ಜೊಂಪು ಹತ್ತುವಷ್ಟೂ ದೂರವಿಲ್ಲದ ಊರು ನನ್ನ ಮೂಗಿನಿಂದ ಯಾವಾಗ ಇಳಿದುಹೋಯಿತೋ ಗೊತ್ತಾಗಲಿಲ್ಲ.

ಒಂದು ಕಾಲಕ್ಕೆ ಸೀನುತ್ತಿದ್ದವರು ಬೇರೆಯವರು, ಸೀನಿಸುತ್ತಿದ್ದವಳು ನಾನು.

ಆ ವರ್ಷ ನಾನು ರಾಣೇಬೆನ್ನೂರಿನ ಒಂದು ಕಾಲೇಜಿಗೆ ಹೊಸದಾಗಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಅದೇ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ನನ್ನ ಪಿಎಚ್.ಡಿ. ಕೆಲಸವೂ ನಡೆದಿತ್ತು. ನಡೆದಿತ್ತು ಎನ್ನುವುದು ಮರ್ಯಾದೆಯ ಮಾತು; ಕುಂಟುತ್ತಿತ್ತು. ಆರು ವರ್ಷವಾಗಿತ್ತು. ಒಂದು ಸಲ ಅವಧಿ ವಿಸ್ತರಿಸಿದ್ದ ವಿಶ್ವವಿದ್ಯಾಲಯದವರು ಎರಡನೆಯ ಸಲ ವಿಸ್ತರಿಸುವಾಗ ‘ಇದೇ ಕೊನೆಯದು’ ಎಂದು ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದಿದ್ದರು. ಮಾರ್ಚ್ ಮುಗಿಯುವುದರೊಳಗೆ ಅಳತೆಗಳೆಲ್ಲ ಮುಗಿಯಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ರದ್ದಾದರೆ ಅತಿಥಿ ಉಪನ್ಯಾಸಕಿ ಅತಿಥಿಯಾಗಿಯೇ ಮನೆಗೆ ಹೋಗಬೇಕಾಗಿತ್ತು.

ನಮ್ಮವ್ವ ಗಂಗವ್ವನಿಗೆ ಬ್ಯಾಡಗಿಯಲ್ಲಿ ಒಂದು ಶೆಡ್ಡು ಇದೆ. ತುಂಬು ಮುರಿಯುವ, ಅಂದರೆ ಮೆಣಸಿನಕಾಯಿಯ ತೊಟ್ಟು ಕೀಳುವ ಶೆಡ್ಡು. ಜನವರಿಯಿಂದ ಹಂಗಾಮು ಏರಿದರೆ ನಲವತ್ತು ಹೆಂಗಸರು ಬೆಳಗಿನ ಐದಕ್ಕೇ ಬಂದು ಸಾಲಾಗಿ ಕುಳಿತುಬಿಡುತ್ತಾರೆ. ಕೂರುವ ಮುಂಚೆ ಎಲ್ಲರೂ ಮೊಣಕೈವರೆಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ; ಹಚ್ಚದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೈ ಉರಿದು ಅನ್ನ ಕಲಸಲೂ ಆಗುವುದಿಲ್ಲ. ನಾನೂ ಎಣ್ಣೆ ಹಚ್ಚಿಕೊಂಡು ಮೂರು ತಾಸು ಅವರ ಜತೆ ಕುಳಿತು, ಆಮೇಲೆ ಸ್ನಾನ ಮಾಡಿ, ಸೀರೆ ಉಟ್ಟು ರಾಣೇಬೆನ್ನೂರಿನ ಬಸ್ಸು ಹತ್ತುತ್ತಿದ್ದೆ. ಸಣ್ಣವಳಿದ್ದಾಗಿನಿಂದ ಇದೇ ಪದ್ಧತಿ.

“ಆರ್ ವರ್ಷ ಆತು. ಏನ್ ಓದಾಕತ್ತೀ ಅಂತ ಮಂದಿ ಕೇಳ್ತಾರ. ಏನ್ ಹೇಳ್ಲಿ?” ಎಂದು ಅವ್ವ ಒಂದು ಬೆಳಿಗ್ಗೆ ಕೇಳಿದಳು.

“ಸಾಬೂನು ನೀರಾಗ ಏನ್ ಮಾಡತೈತಿ ಅಂತ.”

“ಆರ್ ವರ್ಷ ಸಾಬೂನಾ?” ಸಾಲಿನ ಹೆಂಗಸರೆಲ್ಲ ನಕ್ಕರು. ಅವ್ವ ನಗಲಿಲ್ಲ. “ಹೇಳು, ಕೇಳತೇನಿ” ಎಂದಳು.

ಹೇಳಿದೆ. ಸಾಬೂನಿನ ಜಾತಿಯ ಅಣುವಿಗೆ ನೀರು ಇಷ್ಟಪಡುವ ಒಂದು ತಲೆ, ನೀರನ್ನು ಕಂಡರಾಗದ ಒಂದು ಬಾಲ. ನೀರಿಗೆ ಹಾಕಿದರೆ ಅದು ಮೇಲಕ್ಕೆ ಬಂದು, ತಲೆಯನ್ನು ನೀರಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ನೀರಿನ ಮೈಮೇಲೆ ಕೂರುತ್ತದೆ. ಹಾಗೆ ಬಂದು ಕೂತವು ಹೆಚ್ಚಿದಷ್ಟೂ ನೀರಿನ ಮೈಯ ಬಿಗಿ ಸಡಿಲವಾಗುತ್ತದೆ. ಇವುಗಳಲ್ಲಿ ಒಂದು ಜಾತಿಯ ತಲೆಯ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅವು ಒಂದನ್ನೊಂದು ನೂಕುತ್ತವೆ. ದೂರ ದೂರವೇ ಕೂರುತ್ತವೆ, ನಡುವೆ ಜಾಗ ಖಾಲಿ. ಇನ್ನೊಂದು ಜಾತಿಗೆ ಅಂಥ ಅಂಶವೇ ಇಲ್ಲ. ಎರಡನ್ನೂ ಬೆರೆಸಿದರೆ ಯಾವುದು ಎಷ್ಟು ಮೇಲೆ ಬರುತ್ತದೆ, ಹೇಗೆ ಕೂರುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ಅವ್ವ ಕಾಯಿ ಮುರಿಯುತ್ತಲೇ ಸಾಲಿನ ತುದಿಗೆ ಗದ್ದ ತೋರಿಸಿದಳು. ಅಲ್ಲಿ ಫಕ್ಕೀರವ್ವ, ದ್ಯಾಮವ್ವ ಎಂಬ ಓರಗಿತ್ತಿಯರು ಕುಳಿತಿದ್ದರು, ಇಬ್ಬರಿಗೂ ಮಾತಿಲ್ಲ. ಅವರ ನಡುವೆ ಶಾಂತವ್ವ. “ಅವರಿಬ್ಬರನ್ನ ಬಾಜೂಕ ಕುಂದ್ರಿಸಿದ್ರ ನಡುವ ಎರಡ ಮಾರ್ ಜಾಗಾ ಬಿಟ್ಟ ಕುಂದ್ರತಾರ. ಶಾಂತವ್ವನ್ನ ನಡುವ ಹಾಕಿದೆ ಅಂದ್ರ ಮೂರೂ ಮಂದಿ ಒಂದ ಚಾಪಿಮ್ಯಾಲ ಹಿಡಸ್ತಾರ. ಇದಕ್ಕ ಆರ್ ವರ್ಷ ಯಾಕ ಬೇಕು?”

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅದೇ ಆಗಿತ್ತು. ಎಷ್ಟು ಜನ ಶಾಂತವ್ವರಿಗೆ ಎಷ್ಟು ಜನ ಫಕ್ಕೀರವ್ವರು ಎನ್ನುವುದನ್ನು ಅಂಕಿಯಲ್ಲಿ ತೋರಿಸಬೇಕಿತ್ತು, ಅಷ್ಟೇ.

ಆ ಅಂಕಿಯೇ ಕೈ ಕೊಟ್ಟಿತ್ತು. ನೀರಿನ ಮೈಯ ಬಿಗಿಯನ್ನು ಅಳೆಯಲು ನಮ್ಮಲ್ಲಿ ಒಂದು ಹಳೆಯ ಉಪಕರಣವಿತ್ತು: ಪ್ಲಾಟಿನಂ ತಂತಿಯ ಸಣ್ಣ ಉಂಗುರ, ಅದನ್ನು ನೀರಿಗೆ ತಾಗಿಸಿ ಮೆಲ್ಲಗೆ ಮೇಲೆತ್ತುವ ಒಂದು ತಿರುಪು, ಎಷ್ಟು ಬಲಕ್ಕೆ ಉಂಗುರ ನೀರು ಬಿಟ್ಟು ಬರುತ್ತದೆಂದು ತೋರಿಸುವ ಒಂದು ಮುಳ್ಳು. ನಮ್ಮ ಕಡೆಯ ಬಿಸಿಲಿಗೆ ಶುದ್ಧ ನೀರು ಎಪ್ಪತ್ತೊಂದು ತೋರಿಸಬೇಕು. ಸಾಬೂನು ಹೆಚ್ಚಿಸುತ್ತ ಹೋದಂತೆ ಅಂಕಿ ಇಳಿಯುತ್ತದೆ. ಮೇಲೆ ಜಾಗವೆಲ್ಲ ತುಂಬಿದ ಮೇಲೆ ಉಳಿದ ಅಣುಗಳು ನೀರೊಳಗೇ ಗುಂಪುಗೂಡುತ್ತವೆ, ಗೆರೆ ಚಪ್ಪಟೆಯಾಗುತ್ತದೆ. ನನ್ನ ಗೆರೆ ಹಾಗಾಗುತ್ತಿರಲಿಲ್ಲ. ಚಪ್ಪಟೆಯಾಗುವ ಮೊದಲು ಒಮ್ಮೆ ಕೆಳಗೆ ಕುಸಿದು ಮತ್ತೆ ಮೇಲೇಳುತ್ತಿತ್ತು. ರಸ್ತೆಯಲ್ಲಿ ಹೊಂಡ ಬಿದ್ದ ಹಾಗೆ ಗೆರೆಯಲ್ಲೊಂದು ಹೊಂಡ.

ಗ್ರಾಫುಗಳನ್ನು ಹಿಡಿದು ಪ್ರತಿ ಶನಿವಾರ ಹಾವೇರಿಗೆ, ನನ್ನ ಮಾರ್ಗದರ್ಶಕರಾದ ಕುಲಕರ್ಣಿ ಸರ್ ಮನೆಗೆ ಹೋಗುತ್ತಿದ್ದೆ. ಅವರು ನಿವೃತ್ತಿಯ ಹತ್ತಿರವಿದ್ದ ಮನುಷ್ಯ. ಬೈಯುವುದನ್ನೂ ಮೆಲ್ಲಗೆ ಬೈಯುವವರು. ಜನವರಿಯ ಕೊನೆಗೆ ಒಂದು ಶನಿವಾರ ಬಹಳ ಹೊತ್ತು ಕಾಗದ ನೋಡಿದರು.

“ಈ ಹೊಂಡ ಅಂದ್ರ ಏನು ಗೊತ್ತದ ಅಲ್ಲ? ಮೂರನೇದು ಯಾವುದೋ ಬಂದು ಮ್ಯಾಲ ಕೂತದ. ಜಿಡ್ಡಿನ ಪದಾರ್ಥ. ಒಳಗ ಗುಂಪು ಕಟ್ಟಿದ ಮ್ಯಾಲ ನಿನ್ನ ಸಾಬೂನು ಆ ಜಿಡ್ಡನ್ನ ಒಳಗ ಎಳಕೊಳ್ತದ, ಗೆರಿ ಮತ್ತ ಏರ್ತದ. ಎರಡು ತಿಂಗಳ ಅಳತಿ ಎಲ್ಲಾ ನೀರಿಗೆ ಹೋತು.”

“ಎರಡ ಮೂರು ಬಿಂದು ಬಿಟ್ಟರ ಗೆರಿ ಸೀದಾ ಬರತೈತಿ ಅಂತ ನಮ್ಮ ವಿಭಾಗದವ್ರು ಅಂತಾರ್ರಿ ಸರ್.”

“ಬರ್ತದ. ಬಿಡು ಅಂತ ನಾ ಹೇಳಂಗಿಲ್ಲ. ಯಾಕಂದ್ರ, ಹೇಳಿದ್ರ ನೀ ಕೇಳೀಯೇನೋ ಅಂತ ನನಗ ಹೆದರಿಕಿ ಅದ.”

ಖರೇ ಹೇಳಬೇಕೆಂದರೆ, ನಾನು ಕೇಳುವವಳಿದ್ದೆ. ಹಾವೇರಿಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಆ ಮೂರು ಬಿಂದುಗಳನ್ನು ಅಳಿಸುವುದನ್ನೇ ಯೋಚಿಸಿದೆ. ಯಾರಿಗೆ ಗೊತ್ತಾಗುತ್ತದೆ? ಮನೆಗೆ ಬಂದರೆ ಅವ್ವ ಶೆಡ್ಡಿನ ಮೂಲೆಯಲ್ಲಿ ಒಬ್ಬಳೇ ಕೂತು, ಅವತ್ತು ಮುರಿದ ಒಂದು ರಾಶಿಯನ್ನು ಮತ್ತೆ ಕೈಯಾಡಿಸಿ ಬಿಳಿಚಿಕೊಂಡ ಕಾಯಿಗಳನ್ನು ಬೇರೆ ಮಾಡುತ್ತಿದ್ದಳು. ಹೇಳಿದವರಿಲ್ಲ, ಕೇಳುವವರಿಲ್ಲ. ರಾಶಿಯೊಳಗೆ ಹತ್ತು ಬಿಳಿಗಾಯಿ ಉಳಿದರೆ ಯಾರಿಗೂ ಕಾಣುತ್ತಿರಲಿಲ್ಲ. ನನಗೆ ಒಳಗೊಳಗೇ ನಾಚಿಕೆಯಾಯಿತು. ಸೋಮವಾರದಿಂದ ಮತ್ತೆ ಮೊದಲಿನಿಂದ ಎಂದು ಗಟ್ಟಿ ಮಾಡಿದೆ.

ಮೊದಲ ಅನುಮಾನ ಹೋದದ್ದು ಋಣ ಜಾತಿಯ ಪುಡಿಯ ಮೇಲೆ, ಸೋಡಿಯಂ ಡೋಡೆಸಿಲ್ ಸಲ್ಫೇಟಿನ ಮೇಲೆ. ಅದು ಹಳತಾದರೆ ಒಡೆದು ಜಿಡ್ಡಿನ ಆಲ್ಕೊಹಾಲು ಬಿಟ್ಟುಕೊಡುತ್ತದೆ. ಬಿಸಿ ಮದ್ಯಸಾರದಲ್ಲಿ ಕರಗಿಸಿ, ತಣಿಸಿ, ಹರಳುಗಟ್ಟಿಸಿ ತೆಗೆದೆ. ಒಂದು ಸಲ, ಎರಡು ಸಲ. ಡಬ್ಬಿಯ ಪುಡಿ ಅರ್ಧಕ್ಕಿಳಿಯಿತು, ಹೊಂಡ ಇಳಿಯಲಿಲ್ಲ. ಎರಡನೆಯ ಅನುಮಾನ ನೀರಿನ ಮೇಲೆ. ನೀರಿನ ಯಜಮಾನರು ನಮ್ಮ ಪ್ರಯೋಗಾಲಯದ ಸಹಾಯಕರಾದ ಇಮಾಮಸಾಬರು. ಮೂವತ್ತು ವರ್ಷದಿಂದ ಅದೇ ಕೋಣೆಯಲ್ಲಿ ನೀರು ಬಟ್ಟಿ ಇಳಿಸಿದವರು. ಅವರ ಮುಂದೆ ನೀರಿನ ಬಗ್ಗೆ ಅನುಮಾನ ಎತ್ತುವುದೆಂದರೆ ಅಡಿಗೆಯವನ ಮುಂದೆ ಉಪ್ಪಿನ ಮಾತೆತ್ತಿದಂತೆ.

“ನನ್ನ ನೀರು?” ಎಂದರು ಅವರು. ಬೀಕರಿಗೆ ನೀರು ಸುರಿದು, ಉಂಗುರವನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಉಪಕರಣದ ಮುಂದಿಟ್ಟು, “ನೋಡ್ರಿ ಅಕ್ಕಾರ” ಎಂದು ಕೈಕಟ್ಟಿ ನಿಂತರು. ಎಪ್ಪತ್ತೊಂದು ಬಂತು. ನೀರು ಚೊಕ್ಕ. ಪುಡಿ ಚೊಕ್ಕ. ಆದರೆ ಎರಡನ್ನೂ ನಾನು ಸೇರಿಸಿದ ಕೂಡಲೇ ಹೊಂಡ.

ಫೆಬ್ರುವರಿ ಮೊದಲ ವಾರ ಹೀಗೇ ಕಳೆಯಿತು. ಅವತ್ತು ನಾನು ತಲೆಗೆ ಕೈ ಹೊತ್ತು ಕೂತಿದ್ದಾಗ ಇಮಾಮಸಾಬರು ಒಂದು ಉದ್ದನೆಯ ವಹಿ ತಂದು ನನ್ನೆದುರು ತೆರೆದರು. ದಿನಾ ಎಷ್ಟು ನೀರು ಇಳಿಸಿದರೆಂದು ಬರೆಯುವ ವಹಿ. ಅದರ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಗುರುತು.

“ಇದರ ಮ್ಯಾಲ ಒಂದ ಅರ್ಜಿ ಬರದ ಕೊಡ್ರಿ ಅಕ್ಕಾರ, ಪ್ರಿನ್ಸಿಪಾಲರಿಗೆ. ಈ ಕ್ವಾಣ್ಯಾಗ ಯಾವುದೋ ಗ್ಯಾಸ ಸೋರಾಕತ್ತೈತ್ರಿ. ಡಿಸೆಂಬರಿನಿಂದ ನನಗ ಬೆಳಿಗ್ಗೆ ಸೀನು. ಸೀನಿದ ದಿನ ಎಲ್ಲಾ ಕೆಂಪು ಗುರ್ತು ಮಾಡಿ ಇಟ್ಟೇನಿ, ನಾಳೆ ಪುರಾವೆ ಕೇಳಿದ್ರ ಬೇಕಲ್ಲ.”

ಅರ್ಜಿ ಬರೆಯಲೆಂದೇ ವಹಿ ಎಳೆದುಕೊಂಡೆ. ಹೆಚ್ಚುಕಡಿಮೆ ಎಲ್ಲ ದಿನವೂ ಕೆಂಪು. ನಡುವೆ ಜನವರಿಯಲ್ಲಿ ಎರಡು ದಿನ ಮಾತ್ರ ಗುರುತಿಲ್ಲ. ಆ ಎರಡು ದಿನ ನನಗೆ ನೆನಪಿತ್ತು. ಗುತ್ತಲದಲ್ಲಿ ಚಿಕ್ಕಮ್ಮನ ಮಗಳ ಮದುವೆ; ಎರಡು ರಾತ್ರಿ ಅಲ್ಲೇ ಉಳಿದು, ತಲೆಗೆ ಎರೆದುಕೊಂಡು, ಚಿಕ್ಕಮ್ಮ ಕೊಟ್ಟ ಸೀರೆ ಉಟ್ಟು ಎರಡು ದಿನವೂ ಅಲ್ಲಿಂದ ನೇರ ಕಾಲೇಜಿಗೆ ಬಂದಿದ್ದೆ. ನನ್ನ ನೋಟ್‌ಬುಕ್ಕು ತೆರೆದೆ. ಆ ಎರಡು ದಿನದ ಗೆರೆಗಳಲ್ಲಿ ಹೊಂಡ ಇರಲಿಲ್ಲ. ಅದೇನೋ ಅದೃಷ್ಟ ಎಂದುಕೊಂಡು ಪುಟ ತಿರುವಿಬಿಟ್ಟಿದ್ದೆ.

“ಸಾಬರ, ನೀವು ಸೀನೋದು ನಾ ಬರೋಕಿಂತ ಮದಲೋ, ಬಂದ ಮ್ಯಾಲೋ?”

“ಬಂದ ಮ್ಯಾಲರಿ. ಆದ್ರ ನೀವು ಗ್ಯಾಸ ಅಲ್ಲಲ್ರಿ.”

ಪಿಪೆಟ್ಟಿನ ತುದಿಯನ್ನು, ಬೀಕರಿನ ಅಂಚನ್ನು ನಾನು ಪ್ರತಿ ಸಲ ಏನಿಂದ ಒರೆಸುತ್ತಿದ್ದೆ? ಸೆರಗಿನಿಂದ. ಯಾರೂ ಹೇಳಿಕೊಟ್ಟದ್ದಲ್ಲ; ಅವ್ವ ತಾಟು ಒರೆಸುವುದನ್ನು ನೋಡಿ ಕೈಗೆ ಬಂದ ರೂಢಿ. ಆ ಸೀರೆ ಒಗೆದ ಮೇಲೆ ಒಣಗುತ್ತಿದ್ದದ್ದು ಶೆಡ್ಡಿನ ಅಂಗಳದ ಹಗ್ಗದ ಮೇಲೆ, ಮೆಣಸಿನಕಾಯಿಯ ಕೆಂಪು ಧೂಳಿನ ನಡುವೆ. ಅದನ್ನು ನಿರಿಗೆ ಹಿಡಿದು ಉಡುತ್ತಿದ್ದದ್ದು ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆ ಉಳಿಯುತ್ತಿದ್ದ ಕೈಗಳಿಂದ. ಬ್ಯಾಡಗಿಯ ಮೂಗಿಗೆ ಅದು ವಾಸನೆಯೇ ಅಲ್ಲ. ಇಮಾಮಸಾಬರ ಚೊಕ್ಕ ನೀರನ್ನು ಮತ್ತೊಮ್ಮೆ ಅಳೆದೆ, ಎಪ್ಪತ್ತೊಂದು. ಸೆರಗಿನ ತುದಿಯನ್ನು ಅದರಲ್ಲೊಮ್ಮೆ ಅದ್ದಿ ತೆಗೆದು ಅಳೆದೆ. ಅರವತ್ಮೂರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಇಮಾಮಸಾಬರು ಅರ್ಜಿಯ ಮಾತು ಬಿಟ್ಟರು.

ಕೋಟು ಹಾಕಿಕೊಂಡು, ಕಾಗದದಿಂದ ಒರೆಸಿ ಎರಡು ದಿನ ನೋಡಿದೆ. ಹೊಂಡ ಸಣ್ಣದಾಯಿತು, ಹೋಗಲಿಲ್ಲ. ಎಣ್ಣೆ ಕೂದಲಲ್ಲಿತ್ತು, ತೋಳಲ್ಲಿತ್ತು. ದಾರಿ ಒಂದೇ ಉಳಿದಿತ್ತು. ಮಾರ್ಚ್ ಮುಗಿಯುವವರೆಗೆ ನಾನು ಶೆಡ್ಡಿಗೆ ಕಾಲಿಡಬಾರದು. ಬ್ಯಾಡಗಿಯ ಮನೆಗೂ ಬರಬಾರದು. ಹಂಗಾಮಿನ ಏರು ಹೊತ್ತಿನಲ್ಲಿ ಅವ್ವನಿಗೆ ಇದನ್ನು ಹೇಳುವುದು ಹೇಗೆ?

ಹೇಳಿದೆ. ಅವ್ವ ಮೊದಲು ಅರ್ಥ ಮಾಡಿಕೊಂಡದ್ದೇ ಬೇರೆ, ತನ್ನ ಕಾಯಿಯನ್ನು ನಾನು ಹೀಯಾಳಿಸುತ್ತಿದ್ದೇನೆಂದು. “ನಮ್ಮ ಕಾಯಿಗೆ ಹೆಸರ ಇಡಾಕ ಬಂದಿ ಏನು? ಈ ಕಾಯೀನ ನಿನ್ನ ಓದಿಸಿದ್ದು.” ಅಷ್ಟು ಹೇಳಿ ಎದ್ದು ಹೋದಳು. ನನಗೂ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಗಿತ್ತು, ಏಕೆಂದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮರುದಿನ ಬೆಳಿಗ್ಗೆ ಹೆಂಗಸರು ಬರುವ ಮೊದಲೇ ಅವಳು ನನ್ನ ಚೀಲ ಬಾಗಿಲಿಗೆ ತಂದಿಟ್ಟಿದ್ದಳು. ಒಳಗೆ ಎರಡು ಹೊಸ ಹತ್ತಿ ಸೀರೆ, ಮಡಿಕೆ ಬಿಚ್ಚದವು.

“ಇವನ್ನ ನಾ ಮುಟ್ಟಿಲ್ಲ. ಅಂಗಡ್ಯಾವನ ಕೈಲೇ ಚೀಲದಾಗ ಹಾಕ್ಸೇನಿ. ಅಲ್ಲಿ ಹೋಗಿ ಕುದಿಯೋ ನೀರಾಗ ಹಾಕಿ ಒಗಕೋ. ಮುಗಿಸಿದ ಮ್ಯಾಲ ಬಾ. ಅರ್ಧಕ್ಕ ಬಿಟ್ಟು ಬಂದಿ ಅಂದ್ರ ಬಾಗಲಾ ತಗಿಯಂಗಿಲ್ಲ.”

ರಾಣೇಬೆನ್ನೂರಿನಲ್ಲಿ ಇಮಾಮಸಾಬರ ತಂಗಿಯ ಮನೆಯ ಮಾಳಿಗೆ ಕೋಣೆಯಲ್ಲಿ ಏಳು ವಾರ ಇದ್ದೆ. ತಲೆಗೆ ಎಣ್ಣೆಯಿಲ್ಲದೆ ಕೂದಲು ಪೊರಕೆಯಾಯಿತು. ಬಿಸಿಲೇರಿದರೆ ಅಳತೆ ಏರುಪೇರಾಗುತ್ತಿತ್ತು. ಅದಕ್ಕೆ ಬೆಳಿಗ್ಗೆ ಆರಕ್ಕೆ ಇಮಾಮಸಾಬರು ಬಾಗಿಲು ತೆಗೆದರೆ ಹತ್ತರವರೆಗೆ ಅಳತೆ, ಆಮೇಲೆ ಪಾಠ, ಸಂಜೆ ಗಾಜಿನ ಸಾಮಾನು ತೊಳೆಯುವುದು. ಐದು ಬಗೆಯ ಮಿಶ್ರಣ, ಒಂದೊಂದಕ್ಕೂ ಹನ್ನೆರಡು ಹದದ ದ್ರಾವಣ, ಒಂದೊಂದನ್ನೂ ಮೂರು ಸಲ. ಉಂಗುರ ಜ್ವಾಲೆಗೆ, ಉಂಗುರ ನೀರಿಗೆ, ತಿರುಪು ಮೆಲ್ಲಗೆ, ಮುಳ್ಳು, ಅಂಕಿ. ಬೇಸರ ಬಂದರೆ ಫಕ್ಕೀರವ್ವ, ದ್ಯಾಮವ್ವರ ನಡುವೆ ಶಾಂತವ್ವನನ್ನು ಕೂರಿಸುತ್ತ ಹೋದೆ. ಮೊದಲ ಗೆರೆ ಹೊಂಡವಿಲ್ಲದೆ ಇಳಿದು ಚಪ್ಪಟೆಯಾದ ದಿನ ನಾನು ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಅವ್ವ ಶನಿವಾರಕ್ಕೊಮ್ಮೆ ಬುತ್ತಿ ತರುತ್ತಿದ್ದಳು. ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಕೈಮುಗಿದು ಬರುವುದು ಅವಳ ನೇಮ. ಆ ವರ್ಷ ಅಲ್ಲಿಂದ ರಾಣೇಬೆನ್ನೂರಿನವರೆಗೂ ಬಂದಳು. ಕಾಲೇಜಿನ ಗೇಟಿನಿಂದ ಒಳಗೆ ಬರುತ್ತಿರಲಿಲ್ಲ. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಹತ್ತಿರ ಹೋದರೆ, “ಅಲ್ಲೇ ನಿಂದ್ರು, ನಿನ್ನ ನೀರು ಕೆಡತೈತಿ” ಎನ್ನುತ್ತಿದ್ದಳು. ಜನ್ಮದಲ್ಲಿ ಮಡಿ ಮಾಡಿದವಳಲ್ಲ, ಮಾಡುವವರನ್ನು ಕಂಡರೆ ನಗುವವಳು. ಮಗಳ ಸಾಬೂನಿಗಾಗಿ ಮಡಿ ಹಿಡಿದಿದ್ದಳು. ಮೂರನೆಯ ಶನಿವಾರ ಅವಳ ಬಲಗೈ ಬೆರಳುಗಳು ಸೀಳಿದ್ದನ್ನು ಕಂಡೆ. ನನ್ನ ಪಾಲಿನ ಕಾಯಿಯನ್ನೂ ಅವಳೇ ಮುರಿಯುತ್ತಿದ್ದಳು. ಸಂಜೆ ಎಣ್ಣೆ ಬಿಡಿಸಲು ಸೋಡಾ ಪುಡಿಯಲ್ಲಿ ಕೈ ತಿಕ್ಕುತ್ತಿದ್ದಳು. ಆ ಕೈಯನ್ನು ಹಿಡಿದುಕೊಳ್ಳಬೇಕೆಂದು ಜೀವ ಬಡಿದುಕೊಂಡಿತು. ಹಿಡಿಯಲಿಲ್ಲ. ಬುತ್ತಿ ತೆಗೆದುಕೊಂಡು ಒಳಗೆ ಹೋಗಿ ಅತ್ತೆ, ಆಮೇಲೆ ಮುಖ ತೊಳೆದು ಗಾಜು ತೊಳೆದೆ.

ಮಾರ್ಚಿನ ಕೊನೆಯ ವಾರಕ್ಕೆ ಒಂದು ಮಿಶ್ರಣ ಉಳಿದಿತ್ತು. ಚೊಕ್ಕ ಮಾಡಿದ ಪುಡಿಯೂ ಒಂದು ಸರದಿಗೆ ಸಾಲುವಷ್ಟೇ ಉಳಿದಿತ್ತು. ಹೊಸತು ತರಿಸಿ ಹರಳುಗಟ್ಟಿಸಲು ದಿನಗಳಿರಲಿಲ್ಲ. ತೂಗುವಾಗ ಇಮಾಮಸಾಬರು ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ತಮ್ಮ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲ ಹೊರಗೆ ಕಾವಲು ಕೂತರು. ಎರಡು ಮುಂಜಾನೆ ಹಿಡಿಯಿತು. ಕೊನೆಯ ಬಿಂದು ಇಟ್ಟಾಗ ಗೆರೆ ಬರೆದ ಹಾಗೆ ಬಂದಿತ್ತು. ಬೆರೆಸಿದ್ದರ ಗೆರೆ, ಬಿಡಿ ಬಿಡಿಯಾದ ಎರಡರ ಗೆರೆಗಿಂತಲೂ ಕೆಳಗೆ. ಒಟ್ಟು ಸಾಬೂನು ಕಡಿಮೆ, ಮೇಲೆ ಬಂದು ಕೂತವು ಹೆಚ್ಚು. ಏಳು ವಾರದಿಂದ ಹಾವೇರಿಗೂ ಹೋಗಿರದಿದ್ದ ನಾನು ಕುಲಕರ್ಣಿ ಸರ್‌ಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಸರ್ ಒಂದು ನಿಮಿಷದಲ್ಲಿ ಕರೆ ಮಾಡಿದರು.

“ಹೊಂಡ ಎಲ್ಲಿ ಹೋತು?”

“ಬ್ಯಾಡಗಿಗೆ ಹೋತ್ರಿ ಸರ್.”

“ಛಲೋ ಆತು. ಬರಿಯಾಕ ಕುಂದ್ರು” ಎಂದು ಇಟ್ಟುಬಿಟ್ಟರು.

ಆ ಫಲಿತಾಂಶದ ಮೇಲೆಯೇ, ಅಂಗಡಿಯಲ್ಲಿ ಸಿಗುವ ಸರಕನ್ನೇ ಬೆರೆಸಿ, ಸೋಡಾ ಇಲ್ಲದ ಒಂದು ಮೆತ್ತನೆಯ ಕೈತೊಳೆಯುವ ನೀರನ್ನು ಮುಂದಿನ ಹಂಗಾಮಿಗೆ ಶೆಡ್ಡಿಗೆ ಮಾಡಿಕೊಟ್ಟೆ. ಅದು ಈಗಲೂ ಅಲ್ಲಿ ಬಾಗಿಲ ಪಕ್ಕದ ಬೋಗುಣಿಯಲ್ಲಿರುತ್ತದೆ. ಹೆಂಗಸರು ಅದನ್ನು ಶಾಂತವ್ವನ ನೀರು ಎನ್ನುತ್ತಾರೆ. ಆದರೆ ಅದು ಆಮೇಲಿನ ಮಾತು.

ಅಳತೆ ಮುಗಿದ ಮೂರನೆಯ ದಿನ ಶನಿವಾರ. ಅವ್ವ ಎಂದಿನಂತೆ ಕಟ್ಟೆಯ ಮೇಲೆ ಬುತ್ತಿಯಿಟ್ಟು ಹಿಂದೆ ಸರಿದಳು. ನಾನು ಬುತ್ತಿ ದಾಟಿ ಮುಂದೆ ಹೋದೆ.

“ಏ, ನಿಂದ್ರು. ನೀರು?”

“ಮುಗೀತವ್ವ.”

ಅವಳು ನಂಬಲಿಲ್ಲ. ನನ್ನ ಹಿಂದೆ ನಿಂತಿದ್ದ ಇಮಾಮಸಾಬರತ್ತ ನೋಡಿದಳು. ಅವರು ತಲೆಯಾಡಿಸಿ, “ಒಳಗ ಬರ್ರಿ ಅವ್ವಾರ” ಎಂದರು. ಪ್ರಯೋಗಾಲಯದ ಹೊಸ್ತಿಲಲ್ಲಿ ಅವಳು ಮತ್ತೆ ತಡೆದಳು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಮಾಮಸಾಬರು ಹೊಸದಾಗಿ ಇಳಿಸಿದ ನೀರನ್ನು ಬೀಕರಿಗೆ ಸುರಿದರು. ಉಂಗುರ ತಾಗಿಸಿ, ತಿರುಪು ಎತ್ತಿ, ಮುಳ್ಳು ತೋರಿಸಿದೆ. ಎಪ್ಪತ್ತೊಂದು. ಆಮೇಲೆ ಅವಳ ಬಲಗೈ ಹಿಡಿದೆ. ಏಳು ವಾರದ ಮೇಲೆ ಹಿಡಿದ ಕೈ; ಗರಗಸದ ಹಾಗೆ ಒರಟಾಗಿತ್ತು. ತೋರುಬೆರಳನ್ನು ನೀರಿಗೆ ಅದ್ದಿಸಿದೆ.

ಈ ಸಲ ಉಂಗುರ ಬೇಗನೇ ನೀರು ಬಿಟ್ಟು ಬಂತು. ಐವತ್ತೆಂಟು.

“ಕೆಡ್ತೇನು?” ಎಂದಳು ಅವ್ವ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.

“ಕೆಡ್ತು” ಎಂದೆ. ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಅದನ್ನೂ ಬರೆದೆ: ಅವ್ವನ ಬೆರಳು, ಐವತ್ತೆಂಟು. ಕೈ ಮಾತ್ರ ಬಿಡಲಿಲ್ಲ. ಹಿಂದಿನಿಂದ ಇಮಾಮಸಾಬರು ಸೀನಿದರು.